ಬಗ್ಗಿದ ಕೈ, ನಾಲ್ಕು ಎಸೆತ

ಅವನ ಬಲಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಸುಮ್ಮನೆ ನಿಂತಾಗಲೂ ಮೊಣಕೈ ಬಗ್ಗಿಯೇ ಇರುತ್ತಿತ್ತು, ಭಾರದ ಕೈಚೀಲ ತೂಗುಹಾಕಿಕೊಂಡವನ ಹಾಗೆ. ಚಿಕ್ಕಂದಿನಲ್ಲಿ ಮಲ್ಪೆ ಬಂದರಿನಲ್ಲಿ ದೋಣಿಯಿಂದ ಬಿದ್ದು ಮುರಿದುಕೊಂಡದ್ದಂತೆ. ನಾಟಿ ವೈದ್ಯರು ಮೂಳೆಯನ್ನು ಹಾಗೇ ವಕ್ರವಾಗಿ ಕೂಡಿಸಿಬಿಟ್ಟರು. ಆ ಕೈಯಲ್ಲೇ ವೆಲ್ಡಿಂಗ್, ಆ ಕೈಯಲ್ಲೇ ಬೌಲಿಂಗ್. ಆ ಕೈಯನ್ನು ಮುಟ್ಟಿಯೂ ನೋಡದೆ ಅವನ ಅನ್ನಕ್ಕೆ ಕಲ್ಲು ಹಾಕಿದ ಮಹಾಶಯ ನಾನು.

2010ರ ದಶಕದ ಮೊದಲ ವರ್ಷಗಳು. ಮೈಸೂರಿನಿಂದ ಹೋದ ನಾನು ಅಬುಧಾಬಿಯ ಕೈಗಾರಿಕಾ ಪ್ರದೇಶ ಮುಸಫ್ಫಾದ ಒಂದು ಕಂಪನಿಯ ಪರ್ಚೇಸ್ ಆಫೀಸಿನಲ್ಲಿದ್ದೆ. ಅವನು ಪಕ್ಕದ ಫ್ಯಾಬ್ರಿಕೇಶನ್ ಕಂಪನಿಯ ವೆಲ್ಡರ್. ಅಲ್ಲಿ ಆಗ ಒಂದು ಪದ್ಧತಿಯಿತ್ತು: ಕ್ರಿಕೆಟ್ ಹುಚ್ಚಿನ ಮಾಲೀಕರು ಕರಾವಳಿಯ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಮಿಂಚಿದವರನ್ನು ಹುಡುಕಿ ವೀಸಾ ಕೊಟ್ಟು ಕರೆಸುತ್ತಿದ್ದರು. ಇವನ ವೀಸಾದಲ್ಲಿ ವೆಲ್ಡರ್ ಅಂತಿದ್ದರೂ ಕರೆಸಿದ್ದು ಬೌಲಿಂಗಿಗೆ. ವಾರದ ರಜೆಯ ದಿನ ಶುಕ್ರವಾರ ಬೆಳಿಗ್ಗೆ ವಿಕೆಟ್ ಕಿತ್ತರೆ ಶನಿವಾರದಿಂದ ಶೆಡ್ಡಿನ ನೆರಳಿನಲ್ಲಿ ಕೆಲಸ. ವಿಕೆಟ್ ಇಲ್ಲವೆಂದರೆ ಹೊರಗಿನ ಬಿಸಿಲು.

ನಾನು ಆ ಶುಕ್ರವಾರದ ಲೀಗ್ ಪಂದ್ಯಗಳ ಅಂಪೈರ್. ಜೇಬಿನಲ್ಲಿ ಸದಾ ರೂಲ್ ಬುಕ್ಕು, ತಲೆಯಲ್ಲಿ ಅದಕ್ಕಿಂತ ದಪ್ಪ ಅಹಂಕಾರ. ಫೈನಲ್ ದಿನ ಅವನ ಒಂದೇ ಓವರಿನಲ್ಲಿ ನಾಲ್ಕು ಸಲ ಕೈ ಚಾಚಿ ನೋಬಾಲ್ ಕೂಗಿದೆ. ಕೈ ಬಗ್ಗಿಸಿ ಎಸೆಯುತ್ತಿದ್ದಾನೆ, ಇದು ಬೌಲಿಂಗೇ ಅಲ್ಲ ಅಂದೆ. ಮೈದಾನದ ಸುತ್ತ ಇನ್ನೂರು ಜನ ಹೋ ಎಂದು ಕೂಗಿದರು. ಅವನು ನೇರ ನನ್ನ ಮುಂದೆ ಬಂದು ತೋಳು ಚಾಚಿದ.

"ಸಾರ್, ನನ್ನ ಕೈ ಇರುದೇ ಹೀಗೆ. ಬೇಕಾದ್ರೆ ಹಿಡಿದು ನೋಡಿ."

"ರೂಲ್ ಅಂದ್ರೆ ರೂಲ್ ಕಣಯ್ಯಾ. ನಡಿ, ನಡಿ."

ಮುಂದಿನ ವಾರವೇ ಅವನನ್ನು ತಂಡದಿಂದ ತೆಗೆದರು. ಶೆಡ್ಡಿನಿಂದಲೂ ತೆಗೆದು, ಬಯಲಿನಲ್ಲಿ ಟ್ಯಾಂಕ್ ಕೂಡಿಸುವ ಕೆಲಸಕ್ಕೆ ಹಾಕಿದರು. ಜುಲೈ ತಿಂಗಳು. ವಿಷಯ ಗೊತ್ತಾದಾಗ ನನಗೆ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ರೂಲ್ ಬುಕ್ಕು ನನ್ನ ಪರ ಇದೆಯೆಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಕೆಲವು ತಿಂಗಳ ಮೇಲೆ ಅವರ ಕ್ಯಾಂಪಿನ ಹಿಂದಿನ ಬಯಲಿನ ಪಕ್ಕ ಕಾರು ಓಡಿಸುತ್ತಿದ್ದೆ. ಫಿಲಿಪಿನೋ ಫಿಟ್ಟರುಗಳು ಬೇಸ್‌ಬಾಲ್ ಆಡುತ್ತಿದ್ದರು. ನಡುವೆ ಮರಳುಚೀಲ ಪೇರಿಸಿದ ದಿಬ್ಬದ ಮೇಲೆ ನಿಂತು ಎಸೆಯುತ್ತಿದ್ದವನು ಇವನೇ! ಆ ಆಟದಲ್ಲಿ ಹೀಗೆ ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಚೆಂಡು ನೆಲ ಮುಟ್ಟದೆ ಬ್ಯಾಟಿನವನ ಮಂಡಿಗೂ ಎದೆಗೂ ನಡುವೆ ಹಾಯಬೇಕು. ನನ್ನನ್ನು ಕಂಡವನೇ ದಿಬ್ಬದ ಮೇಲಿಂದಲೇ ಕೂಗಿದ:

"ಬನ್ನಿ ಸಾರ್, ಬನ್ನಿ! ಇಲ್ಲಿ ಎಸೆಯುದೇ ಆಟ. ನೋಬಾಲ್ ಕೊಡುವ ಗಂಡಸು ಇಲ್ಲಿ ಯಾರುಂಟು?"

ಅವನು ಕಲಿತ ಬಗೆಯೂ ವೆಲ್ಡರನದೇ. ಗುಜರಿ ಕಬ್ಬಿಣದ ಪಟ್ಟಿಗಳನ್ನು ಕೂಡಿಸಿ ಕಿಟಕಿಯಂಥ ಚೌಕಟ್ಟು ಮಾಡಿ, ಕ್ಯಾಂಪಿನ ಗೋಡೆಯ ಮುಂದೆ ನಿಲ್ಲಿಸಿದ್ದ. ದಿನಾ ಸಂಜೆ ಕೆಲಸದಿಂದ ಬಂದು ಅದರೊಳಗೆ ಚೆಂಡು ತೂರಿಸುವುದು. ಟಣ್ ಎಂದರೆ ತಪ್ಪಿತು, ಸದ್ದಿಲ್ಲದಿದ್ದರೆ ಸರಿ. ಮೊದಮೊದಲು ಟಣಟಣ ಸದ್ದಿಗೆ ಇಡೀ ಕ್ಯಾಂಪು ಬೈಯುತ್ತಿತ್ತಂತೆ. ವರ್ಷ ಕಳೆಯುವಷ್ಟರಲ್ಲಿ ಆ ಚೌಕಟ್ಟು ಮೂಕವಾಯಿತು.

ದುಬೈನ ಒಂದು ಕ್ಲಬ್ಬಿನವರು ನೋಡಿ, ಸಂಬಳ ಕೊಟ್ಟು ಎಸೆಯಲು ಕರೆದರು. ಆಗ ಎಚ್ಚೆತ್ತ ಅವನ ಮ್ಯಾನೇಜರ್, ಮತ್ತೆ ಶೆಡ್ಡಿನೊಳಗೆ ಕೆಲಸ ಕೊಡುತ್ತೇನೆ, ಇರು ಎಂದರಂತೆ. "ನೆರಳು ನೀವೇ ಇಟ್ಟುಕೊಳ್ಳಿ ಸಾರ್. ಖಲಾಸ್," ಎಂದು ಹೆಲ್ಮೆಟ್ ಮೇಜಿನ ಮೇಲಿಟ್ಟು ಹೊರಟವನು ದುಬೈನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ನಾಲ್ವರ ಜೊತೆ ಸೇರಿಕೊಂಡ. ಕೆಲಸ ಎಂತದು ಎಂದು ಅಮ್ಮ ಫೋನಿನಲ್ಲಿ ಕೇಳಿದರೆ, "ಮಾವಿನಕಾಯಿಗೆ ಕಲ್ಲು ಹೊಡೆದದ್ದಕ್ಕೆ ಬೈತಿದ್ದೆಯಲ್ಲ ಅಮ್ಮ, ಈಗ ಅದಕ್ಕೇ ಸಂಬಳ," ಅಂದನಂತೆ.

ನನ್ನ ಕಣ್ಣು ತೆರೆದದ್ದು ಅಂಪೈರುಗಳ ತರಗತಿಯೊಂದರಲ್ಲಿ. ಪಾಠ ಮಾಡುತ್ತಿದ್ದವರು ಮಾಮೂಲಿ ವಿಷಯವೆಂಬಂತೆ ಹೇಳಿಬಿಟ್ಟರು: ಕೈ ಬಗ್ಗಿರುವುದು ತಪ್ಪಲ್ಲ, ಚೆಂಡು ಬಿಡುವಾಗ ಬಗ್ಗಿದ್ದ ಕೈ ನೆಟ್ಟಗಾದರೆ ತಪ್ಪು. ಅಯ್ಯೋ ದೇವರೇ! ಬೌಲಿಂಗ್ ಮಾಡುವಾಗ ಅವನ ಕೈ ಮೊದಲಿಂದ ಕೊನೆತನಕ ಒಂದೇ ಸಮ ಬಗ್ಗಿರುತ್ತಿತ್ತು. ಅದೇ ಪುಟವನ್ನು ನಾನು ಹತ್ತು ಸಲ ಓದಿದ್ದೆ, ಒಂದು ಸಲವೂ ಅರ್ಥಮಾಡಿಕೊಂಡಿರಲಿಲ್ಲ.

ಆ ಸಂಜೆಯೇ ದುಬೈಗೆ ಹೋಗಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು, ತಪ್ಪಾಯಿತು ಕಣಯ್ಯಾ ಅಂದೆ. ಅವನು ತಣ್ಣಗೆ ನೋಡಿದ.

"ಎಂತ ಮಾರಾಯ್ರೆ, ನೋಬಾಲ್ ಅಂದದ್ದು ಇನ್ನೂರು ಜನರ ಎದುರು. ತಪ್ಪಾಯ್ತು ಅನ್ನುದು ಕಾರಿನೊಳಗೆ, ಏಸಿ ಹಾಕಿಕೊಂಡು?"

ಬಾಗಿಲು ಧಡ್ ಎಂದು ಹಾಕಿ ಇಳಿದುಹೋದ. ನನಗೂ ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಸಾಲದೇ ಇವನಿಗೆ? ಆದರೆ ಬಿಡಲಾಗಲಿಲ್ಲ. ಅವನ ಪಂದ್ಯಗಳಿಗೆ ಹೋಗಿ ಕೂರತೊಡಗಿದೆ. ಅವನೂ ಚಹಾ ಕೊಡಿಸುವನು, ಪಕ್ಕದಲ್ಲಿ ಕೂರುವನು, ಹೊರಡುವಾಗ ಒಂದೇ ಪ್ರಶ್ನೆ: "ಹೇಳಿದ್ರಾ?" ಸಮಯ ಬರಲಿ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ.

"ನನ್ನ ಭುಜ ನಿಮ್ಮ ಸಮಯಕ್ಕೆ ಕಾಯುದಿಲ್ಲ ಸಾರ್," ಎಂದ ಒಮ್ಮೆ. ಕಾಯಲೂ ಇಲ್ಲ. ಮೂರನೆಯ ವರ್ಷ ಭುಜದ ಸ್ನಾಯು ಹರಿದು, ಡಾಕ್ಟರು ಇನ್ನು ಸಾಕು ಅಂದರು. ಅವನು ಕೈ ಕೆಳಗಿಳಿಸಿ ಪಕ್ಕದಿಂದ ಎಸೆಯುವುದನ್ನು ಕಲಿತು ಇನ್ನೂ ಒಂದು ಋತು ಆಡಿದ. ಆಮೇಲೆ ಕ್ಲಬ್ಬಿನ ಮಕ್ಕಳಿಗೆ ಹೇಳಿಕೊಡುವ ಕೆಲಸ. ಸೊಟ್ಟಗೈಯವನು ಏನು ಕಲಿಸುತ್ತಾನೆ ಎಂದ ತಂದೆಯೊಬ್ಬನ ಕೈಗೆ ಗ್ಲೌಸ್ ಕೊಟ್ಟು, "ಕೈ ಬಗ್ಗಿದೆ, ಚೆಂಡು ನೆಟ್ಟಗೆ ಬರ್ತದೆ. ಹಿಡೀರಿ," ಎಂದು ಒಂದೇ ಒಂದು ಎಸೆದನಂತೆ. ಆತ ಅಂಗೈ ಉಜ್ಜಿಕೊಳ್ಳುತ್ತ ಹೋಗಿ ಮಗನನ್ನು ಸಾಲಿಗೆ ನಿಲ್ಲಿಸಿದ.

ಅವನು ಊರಿಗೆ ಹಿಂದಿರುಗುವ ವಾರ ನಮ್ಮ ಲೀಗಿನ ಫೈನಲ್ ಇತ್ತು. ಇಂದಲ್ಲದಿದ್ದರೆ ಇನ್ನಿಲ್ಲ ಎಂದುಕೊಂಡು ಅವನನ್ನೂ ಕರೆದಿದ್ದೆ. ಟ್ರೋಫಿ ಕೊಡುವ ಮೊದಲು ಮೈಕ್ ಕೇಳಿದಾಗ ಲೀಗಿನ ಅಧ್ಯಕ್ಷರು ನನ್ನ ತೋಳು ಹಿಡಿದರು.

"ಹಳೇ ಕತೆ ಬಿಡ್ರೀ. ಅಂಪೈರೇ ತಪ್ಪು ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

"ಅವನ ಮರ್ಯಾದೆ ಹೋದಾಗ ನೀವೂ ಕೂಗ್ತಿದ್ರಿ, ಮರ್ತುಹೋಯ್ತಾ?" ಎಂದು ಮೈಕ್ ಕಿತ್ತುಕೊಂಡೆ. ಅವತ್ತು ನೋಬಾಲ್ ಕೊಟ್ಟದ್ದು ನನ್ನ ತಪ್ಪು ಎಂದು ಸಣ್ಣ ದನಿಯಲ್ಲಿ ಹೇಳಿದೆ. ಹಿಂದೆ ಪಿಕಪ್ಪಿನ ಮೇಲೆ ಕೂತಿದ್ದವನು ಎದ್ದು ನಿಂತ.

"ಹೋಯ್! ಹಿಂದಿನವರಿಗೆ ಕೇಳ್ಲಿಲ್ಲ! ಜೋರಾಗಿ ಹೇಳಿ!"

ಗಂಟಲು ಹರಿಯುವಂತೆ ಮತ್ತೆ ಹೇಳಿದೆ. ಆಗ ಇಳಿದು ಬಂದು ನನ್ನ ಮುಂದೆ ತೋಳು ಚಾಚಿದ. "ಈಗ ಹಿಡಿದು ನೋಡಿ." ಹಿಡಿದೆ. ಚರ್ಮದಡಿ ಮೂಳೆ ಗಂಟುಗಂಟಾಗಿತ್ತು. ನನಗೆ ಅಳು ಬಂತು, ಅವನು ನಕ್ಕುಬಿಟ್ಟ.

ಎರಡು ವರ್ಷದ ಮೇಲೆ, ಹೃದಯಾಘಾತವಾಗಿ ಅವನು ತೀರಿಕೊಂಡ ಸುದ್ದಿ ಲೀಗಿನ ವಾಟ್ಸಾಪ್ ಗುಂಪಿಗೆ ಬಂತು. ಕೈಮುಗಿದ ಚಿತ್ರಗಳ ನಡುವೆ ಒಬ್ಬ ಪುಣ್ಯಾತ್ಮ ಬರೆದಿದ್ದ: "ಬೌಲಿಂಗ್ ಸ್ವಲ್ಪ ಡೌಟು, ಆದ್ರೆ ಒಳ್ಳೇ ಮನುಷ್ಯ."

ಮೈಯೆಲ್ಲ ಉರಿದುಹೋಯಿತು. ಹಿಂದಿನವರಿಗೆ ಇನ್ನೂ ಕೇಳಿಸಿಲ್ಲ ಅಂತಾಯಿತಲ್ಲ. ಅದಕ್ಕೇ ಇಲ್ಲಿ ಇನ್ನೊಂದು ಸಲ, ಜೋರಾಗಿಯೇ ಹೇಳುತ್ತಿದ್ದೇನೆ: ಆ ನಾಲ್ಕೂ ಸರಿಯಾದ ಎಸೆತಗಳು. ತಪ್ಪಿದ್ದು ನಾನು.