ಜಂಬವ್ವನ ಒಳಹೊಲಿಗೆ

ಜಂಬವ್ವ ಹುಟ್ಟಿದ್ದು ಸಂಡೂರು ತಾಲೂಕಿನ ಚೋರನೂರಿನಲ್ಲಿ. ಕಲಿತದ್ದು ಅವ್ವನ ಮಗ್ಗುಲಲ್ಲಿ ಕುಂತು ಹಳೆಬಟ್ಟೆಯ ಕೌದಿ ಹೊಲಿಯುವುದನ್ನು. ಕೌದಿಗೆ ನಾಲ್ಕು ಹೆಣ್ಣುಮಕ್ಕಳು ನಾಲ್ಕು ಮೂಲೆ ಹಿಡಿದು ಕೂಡುತ್ತಾರೆ. ಅಲ್ಲಿ ಯಾರಾದರೂ 'ಇದನ್ನ ಹೆಂಗ ಹಾಕಿದಿ?' ಎಂದು ಕೇಳಿದರೆ ಹಾಕಿದ ಹೊಲಿಗೆಯನ್ನು ಬಿಚ್ಚಿ, ಮತ್ತೆ ಹಾಕಿ ತೋರಿಸಬೇಕು. ಇಲ್ಲ ಅನ್ನುವಂತಿಲ್ಲ.

ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದಳು. ಗಂಡ ಎರ್ರೆಪ್ಪ ಅದಿರು ಲಾರಿಯ ಡ್ರೈವರು. ಗಣಿಯ ಭರಾಟೆಯ ಆ ವರ್ಷಗಳಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಎಷ್ಟು ಹೊಲಿದರೂ ಸಾಲುತ್ತಿರಲಿಲ್ಲ. ಜಂಬವ್ವ ಕೌದಿ ಬಿಟ್ಟು ತಾಡಪತ್ರಿ ಹಿಡಿದಳು.

ಲಾರಿ ತುಂಬಿದ ಮೇಲೆ ಅದಿರಿನ ಗುಡ್ಡೆ ಹತ್ತಿ ತಾಡಪತ್ರಿ ಹೊದಿಸಬೇಕು. ಒಮ್ಮೆ ಹಾಗೆ ಹತ್ತಿದ ಎರ್ರೆಪ್ಪ ಜಾರಿಬಿದ್ದು ಸೊಂಟ ಕಳೆದುಕೊಂಡ. ಆಮೇಲೆ ಅವನ ಕೆಲಸ ಹೆಂಡತಿಗೆ ದಬ್ಬಣಕ್ಕೆ ದಾರ ಪೋಣಿಸಿ ಕೊಡುವುದು.

ಗಂಡನ ಮುಖ ನೋಡುತ್ತ ನೋಡುತ್ತ ಜಂಬವ್ವ ಒಂದು ಉಪಾಯ ಮಾಡಿದಳು. ಲಾರಿಯ ಎರಡೂ ಪಕ್ಕಕ್ಕೆ ತಂತಿ ಎಳೆದು, ತಾಡಪತ್ರಿಯ ಅಂಚಿಗೆ ಉಂಗುರ ಹೊಲಿದು, ಹಿಂದೆ ಒಂದು ರಾಟೆ ಕಟ್ಟಿದಳು. ನೆಲದ ಮೇಲೆ ನಿಂತು ಹಗ್ಗ ಎಳೆದರೆ ಪರದೆ ಸರಿದಂತೆ ಸರಿಯುತ್ತಿತ್ತು. ಮೊದಮೊದಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಆಗ ಸೀರೆಯ ನಿರಿಗೆಯ ಹಾಗೆ ಮಡಿಕೆ ಹಾಕಿ, ಮಡಿಕೆಯೊಳಗೆ ಹಗ್ಗ ಕೂಡಿಸಿ ಹೊಲಿದಳು. ಆ ಒಳಹೊಲಿಗೆ ಹೊರಗಿನಿಂದ ಕಾಣುವುದಿಲ್ಲ.

ಎರಡು ಲಾರಿಗೆ ಕಟ್ಟುವಷ್ಟರಲ್ಲಿ ನಾವು ಬಂದೆವು. ನಾವು ಅಂದರೆ ವಿಶ್ವವಿದ್ಯಾಲಯದ ತಾಂತ್ರಿಕ ಉದ್ಯಮಶೀಲತೆ ಸಂಶೋಧನಾ ಮತ್ತು ಬೋಧನಾ ಕೇಂದ್ರದವರು. ಆ ಹೆಸರು ಬೋರ್ಡಿನಲ್ಲಿ ಹಿಡಿಸದೆ ಕೊನೆಯ ಅಕ್ಷರಗಳು ಇರುವೆ ಗಾತ್ರಕ್ಕೆ ಇಳಿದಿದ್ದವು. ಉದ್ಯಮ ಕಟ್ಟುವುದು ಹೇಗೆಂದು ಪಾಠ ಮಾಡುತ್ತಿದ್ದ ನಾವೆಲ್ಲ ತಿಂಗಳ ಸಂಬಳದವರು. ಒಂದು ಬೀಡಾ ಅಂಗಡಿ ಇಟ್ಟು ಗೊತ್ತಿರಲಿಲ್ಲ. ನಿರ್ದೇಶಕ ಮನೋಹರ್ ಅವರು ತಯಾರಿಸಿದ ನಲವತ್ತೆರಡು ಪ್ರಶ್ನೆಗಳನ್ನು ಹೊತ್ತು ನಾನು ಜಂಬವ್ವನ ಕಟ್ಟೆಗೆ ಹೋದೆ.

"ನಿಮ್ಮ ಪ್ರತಿಸ್ಪರ್ಧಿ ಯಾರು?" ಎಂದೆ.

"ಹಂಗಂದ್ರ?"

"ಇದೇ ಕೆಲಸ ಮಾಡುವವರು."

"ಓ, ಮೂಕಣ್ಣ. ಎದುರು ಮನಿಯಾಂವ. ಕರೀಲೇನು? ಚಾ ಕುಡಿಯೋ ಹೊತ್ತು, ಬರ್ತಾನ."

ಮನೋಹರ್ ಅವರಿಗೆ ಆ ಉತ್ತರ ಹಿಡಿಸಲಿಲ್ಲ, ಆದರೆ ನಾನು ಕೇಳಿ ನೋಡಿ ಬಂದ ಒಳಹೊಲಿಗೆ ಭಾಳ ಹಿಡಿಸಿತು. ಪೇಟೆಂಟ್ ಅರ್ಜಿ ಹೋಗುವ ತನಕ ಅದನ್ನು ಯಾರಿಗೂ ತೋರಿಸಬಾರದೆಂದು ಹೇಳಿ ಬರಲು ನನ್ನನ್ನೇ ಕಳಿಸಿದರು.

"ಕೇಳಿದೋರಿಗೆ ಇಲ್ಲ ಅನ್ಲೇನ್ರಿ?" ಜಂಬವ್ವನಿಗೆ ನಂಬಿಕೆಯಾಗಲಿಲ್ಲ.

"ಒಂದೇ ತಿಂಗಳು. ನಿಮ್ಮ ಹೆಸರು ಸರ್ಕಾರದ ಪುಸ್ತಕದಾಗ ಬರುತ್ತವ್ವ."

ಒಳಗಿನಿಂದ ಎರ್ರೆಪ್ಪ ಕೂಗಿದ: "ಹೂಂ ಅನ್ನು ಲೇ. ನನ್ನ ಸೊಂಟ ಮುರಿದಿದ್ದಕ್ಕ ಒಂದು ಹೆಸರರ ಉಳೀಲಿ."

ಜಂಬವ್ವ ದಬ್ಬಣವನ್ನು ತಾಡಪತ್ರಿಗೆ ಚುಚ್ಚಿಟ್ಟಳು. ಆಮೇಲೆ ನನ್ನ ಕೈ ಮುಟ್ಟಿ ಮಾತು ಕೊಟ್ಟಳು.

ಒಂದು ತಿಂಗಳು ಐದಾಯಿತು. ಅರ್ಜಿಯಲ್ಲಿ ಜಂಬವ್ವನ ಹೆಸರಿನ ಜೊತೆ ಯಾರ್‍ಯಾರ ಹೆಸರು ಬರಬೇಕು ಎಂಬ ಚರ್ಚೆಗೆ ಮೂರು ಸಭೆ ನಡೆದವು. ಕೇಂದ್ರದ ಲಾಂಛನದಲ್ಲಿ ಹಂಪಿಯ ಕಲ್ಲಿನ ಕಂಬ ಇರಬೇಕೋ ಹಲ್ಲಿನ ಚಕ್ರ ಇರಬೇಕೋ ಎಂಬುದಕ್ಕೆ ಇನ್ನೆರಡು. ನಾನು ಚಕ್ರದ ಪರ ವಾದಿಸಿ ಗೆದ್ದೆ. ಮನೆಯಲ್ಲೂ ಹೇಳಿಕೊಂಡೆ.

ಅಷ್ಟರಲ್ಲಿ ಮೂಕಣ್ಣ ಹೊರಗಿನ ಉಂಗುರ, ರಾಟೆ ನೋಡಿಕೊಂಡು ತಾನೂ ಒಂದು ಹೊಲಿದ. ಹನುಮಣ್ಣನೆಂಬ ಡ್ರೈವರನ ಲಾರಿಗೆ ಕಟ್ಟಿದ. ಅದು ಅರ್ಧಕ್ಕೇ ನಿಂತಿತು.

"ಅಕ್ಕಾ, ನಿಂದು ಸರಿತೈತಿ, ನಂದು ಸಿಕ್ಕೊಳ್ತೈತಿ. ಒಳಗೇನು ಮಾಡಿದಿ, ತೋರ್ಸು."

"ಮಾತು ಕೊಟ್ಟೀನೋ ತಮ್ಮಾ. ಸ್ವಲ್ಪ ದಿನ ತಡಿ."

"ನೀನೂ ಕಂಪನಿ ಆದೆಲ್ಲಕ್ಕಾ!" ಎಂದು ನಕ್ಕು ಹೋದ. ಎಂದೂ ಯಾರಿಗೂ ಇಲ್ಲ ಅನ್ನದವಳು ಅವತ್ತು ಊಟ ಮಾಡಲಿಲ್ಲವಂತೆ.

ಅದಾದ ಹನ್ನೊಂದು ದಿನಕ್ಕೆ ಯಶವಂತನಗರದ ಹತ್ತಿರ ಮೂಕಣ್ಣನ ಆ ತಾಡಪತ್ರಿ ಮತ್ತೆ ಸಿಕ್ಕಿಕೊಂಡಿತು. ಬಿಡಿಸಲು ಹನುಮಣ್ಣ ಅದಿರಿನ ಮೇಲೆ ಹತ್ತಿದ, ಜಾರಿದ. ಬಿದ್ದಲ್ಲೇ ತೀರಿಕೊಂಡ.

ಮಣ್ಣು ಮಾಡಿದ ಮರುದಿನ ಮನೋಹರ್ ಅವರು ಪಾಠ ಮಾಡುತ್ತಿದ್ದ ಕೋಣೆಯ ಬಾಗಿಲಲ್ಲಿ ಜಂಬವ್ವ ನಿಂತಿದ್ದಳು. ಆಟೋದಲ್ಲಿ ತಂದ, ಆಕೆಯೇ ಹೊಲಿದ ತಾಡಪತ್ರಿ ಮೂಕಣ್ಣನ ಹೆಗಲ ಮೇಲಿತ್ತು. ಅವನು ತಲೆ ಎತ್ತಿರಲಿಲ್ಲ.

"ಮಾತು ವಾಪಸ್ ಇಸ್ಕೊಳ್ಳಾಕ ಬಂದೀನ್ರಿ," ಎಂದಳು.

"ಅಮ್ಮಾ, ಮುಂದಿನ ವಾರ ಅರ್ಜಿ ಹೋಗುತ್ತೆ," ಮನೋಹರ್ ತಡವರಿಸಿದರು. "ಈಗ ತೋರಿಸಿದರೆ ಪೇಟೆಂಟ್ ಸಿಗೋದು ಕಷ್ಟವಾಗುತ್ತೆ."

"ಹನುಮಣ್ಣನ ಹೆಂಡ್ತಿ ಮುಂದ ಹೋಗಿ ಹೇಳ್ರಿ ಸರ, ಮುಂದಿನ ವಾರ ಅಂತ."

ಕೊನೆಯ ಬೆಂಚಿನಲ್ಲಿದ್ದ ನನ್ನ ಕಡೆ ಆಕೆ ತಿರುಗಿದಳು.

"ನಿಮ್ಮ ಕೈ ಮುಟ್ಟಿದ್ದೆ. ನೀವ ಬಿಟ್ಟುಕೊಡಬೇಕು. ಅಲ್ಲೀತನ ಬಿಚ್ಚಂಗಿಲ್ಲ ನಾ."

ಬೇಕಾದರೆ ಮನೆಯಲ್ಲೇ ಕುಂತು ಮೂಕಣ್ಣನಿಗೆ ತೋರಿಸಬಹುದಿತ್ತು, ನಮಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಕೊಟ್ಟ ಮಾತನ್ನು ಪಡೆದವರಿಂದಲೇ ವಾಪಸ್ ಇಸಿದುಕೊಳ್ಳಬೇಕೆಂದು ಆಕೆ ಆಟೋ ಹತ್ತಿ ಬಂದಿದ್ದಳು. ನಾನು ನಿರ್ದೇಶಕರ ಮುಖ ನೋಡಿದೆ. ಹಾಗೆ ನೋಡಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಆಮೇಲೆ ಹೋಗಿ ಆಕೆಯ ಕೈ ಹಿಡಿದು, "ಬಿಟ್ಟೆನವ್ವ," ಎಂದೆ.

ಜಂಬವ್ವ ತಾಡಪತ್ರಿಯನ್ನು ನೆಲಕ್ಕೆ ಹಾಸಿದಳು. ಮಡಿಕೆಯ ಹೊಲಿಗೆಯನ್ನು ಕತ್ತರಿಯಿಂದ ಬಿಚ್ಚಿ ಒಳಗಿನ ಹಗ್ಗ ಹೊರಗೆ ತೆಗೆದಳು. "ಮೂಲಿ ಹಿಡೀರಿ," ಎಂದಾಗ ಹುಡುಗರು ಬೆಂಚು ಬಿಟ್ಟು ಬಂದರು. ಸ್ವಲ್ಪ ಹೊತ್ತಿಗೆ ಮನೋಹರ್ ಸೀಮೆಸುಣ್ಣ ಕೆಳಗಿಟ್ಟು, ಪ್ಯಾಂಟು ಮೇಲೆಳೆದುಕೊಂಡು, ಉಳಿದಿದ್ದ ಒಂದು ಮೂಲೆ ಹಿಡಿದು ಕುಂತರು.

ಒಂದು ಮಡಿಕೆ ಹಾಕಿ ತೋರಿಸಿ, ಜಂಬವ್ವ ದಬ್ಬಣವನ್ನು ಮೂಕಣ್ಣನ ಕೈಗೆ ಕೊಟ್ಟಳು. ಅವನ ಮೊದಲ ಮಡಿಕೆ ಸೊಟ್ಟಗಾಯಿತು.

"ಬಿಚ್ಚು," ಎಂದಳು ಜಂಬವ್ವ. "ಮತ್ತ ಹಾಕು."

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೂಕಣ್ಣ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹಾಕತೊಡಗಿದ.