ಕಬ್ಬಿನ ಗಾಣದಲ್ಲಿ ಮೂಡಿದ ಮುಖ

ನೋಡಿಕೊಂಡು ಕೂರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಧಾರೇಶ್ವರದಲ್ಲಿ ಮಂಗಲಾಳ ಮನೆಯ ಹಿಂಜಗಲಿಯಲ್ಲಿ ಆರಾಮಾಗಿ ಚಹಾ ಕುಡಿದು ಎದ್ದರೆ, ಅವಳ ಗಂಡ ದುರ್ಗಪ್ಪ, "ಮಾಸ್ತರ್ರೆ, ತಿರುಗಬೇಡಿ, ಹಂಗೇ ನಿಲ್ಲಿ!" ಎಂದು ಕೂಗಿದ. ನನ್ನ ಬಿಳಿ ಪ್ಯಾಂಟಿನ ಹಿಂಬದಿಯಲ್ಲಿ ಅವನ ಅತ್ತೆಯ ಮುಖ ಅಚ್ಚಾಗಿತ್ತು.

ತಗಡಿನ ಮೇಲೆ ಶಾಯಿಯಲ್ಲಿ ಚಿತ್ರ ಬರೆದು, ಆರುವ ಮೊದಲೇ ಕಾಗದ ಒತ್ತಿ ತೆಗೆದರೆ ಅದು ಮೋನೊಟೈಪ್. ಒಂದು ಚಿತ್ರಕ್ಕೆ ಒಂದೇ ಪ್ರತಿ. ಆ ಒಂದನ್ನು ನಾನು ಕುಳಿತು ತೆಗೆದಿದ್ದೆ.

"ಒತ್ತಡ ಮಾತ್ರ ಚಲೋ ಬಿದ್ದದೆ," ಎಂದಳು ಮಂಗಲಾ. ಆ ಮುಖದ ಒಡತಿ, ಅವಳ ಅಮ್ಮ ಹೊನ್ನಜ್ಜಿ ಒಳಗೆ ಮಲಗಿದ್ದಳು, ಅದೊಂದು ಪುಣ್ಯ.

ಮಂಗಲಾ ಹಗಲು ಕುಮಟೆಯ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡುಗಳ ಪ್ರತಿ ತೆಗೆಯುತ್ತಾಳೆ. ಸಂಜೆ ಮನೆಗೆ ಬಂದು ಈ ಕೆಲಸ. ಅಪ್ಸರಕೊಂಡದ ತಿರುವಿನಲ್ಲಿ ಕಬ್ಬಿನ ಹಾಲು ಮಾರುವ ದುರ್ಗಪ್ಪ ಹೊಸ ಯಂತ್ರ ಕೊಂಡಾಗ, ಉರುಳೆಗಳ ಹಲ್ಲು ಸವೆದು ನುಣ್ಣಗಾಗಿದ್ದ ಹಳೆಯ ಕೈಗಾಣವನ್ನು ಹೆಂಡತಿಗೆ ಕೊಟ್ಟ. ಅದೇ ಅವಳ ಅಚ್ಚಿನ ಯಂತ್ರ. ಅದರಲ್ಲಿ ಮೊದಲು ತೆಗೆದ ದೋಣಿಯ ಚಿತ್ರಕ್ಕೆ ಶುಂಠಿ-ನಿಂಬೆಯ ಪರಿಮಳವಿತ್ತಂತೆ. ಬೆಳಿಗ್ಗೆ ನೋಡಿದರೆ ದೋಣಿಯ ತುಂಬ ಇರುವೆ.

ಈಚೆಗೆ ಅವಳು ಡ್ರೈಪಾಯಿಂಟಿಗೆ ಇಳಿದಿದ್ದಾಳೆ. ಪ್ಲಾಸ್ಟಿಕ್ ಹಾಳೆಯನ್ನು ದಬ್ಬಣದಿಂದ ಗೀರುವುದು, ಗೀರಿಗೆ ಶಾಯಿ ತುಂಬುವುದು, ಒದ್ದೆ ಕಾಗದ ಹೊದೆಸಿ ಗಾಣಕ್ಕೆ ಕೊಡುವುದು. ಕೆಲವೇ ಪ್ರತಿಗಳಲ್ಲಿ ಗೀರಿನ ಅಂಚು ಚಪ್ಪಟೆಯಾಗಿ ಚಿತ್ರ ಸೋಲುತ್ತದೆ. ಹಾಳೆ ಎಂದರೆ ಹೊನ್ನಜ್ಜಿಯ ಮೊಣಕಾಲಿನ ಹಳೆಯ ಎಕ್ಸ್‌ರೇ. ಅಜ್ಜಿಯ ಮೊಣಕಾಲಿನ ಮೇಲೆ ಅಜ್ಜಿಯದೇ ಮುಖ.

ಅವಸರಕ್ಕೆ ಕಾರಣವಿತ್ತು. ಅಜ್ಜಿಯ ಕಣ್ಣಿನ ನರ ಸೋಲುತ್ತಿದೆ, ಹೋದ ನೋಟ ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಉಳಿದಷ್ಟು ನೋಟದಲ್ಲೇ ಅಮ್ಮ ತನ್ನ ಮುಖ ನೋಡಿ 'ಇದು ನಾನು' ಅನ್ನಬೇಕು ಎಂಬುದೊಂದೇ ಮಂಗಲಾಳ ಆಸೆ. ಆದರೆ ಮಗಳು ಎಷ್ಟು ಬಗೆಯಲ್ಲಿ ತೆಗೆದು ಕೊಟ್ಟರೂ ಅಜ್ಜಿ ಕಣ್ಣಿನ ಹತ್ತಿರ ಹಿಡಿದು, "ಚಲೋ ಉಂಟು. ಯಾರಿದು, ನನ್ನ ತಂಗಿಯಾ?" ಎನ್ನುತ್ತಿದ್ದಳು. ಮಂಗಲಾ ಕೈ ತೊಳೆಯಲು ಹೋಗುತ್ತಿದ್ದಳು. ಅವಳು ಆಗ ಬಹಳ ಹೊತ್ತು ಕೈ ತೊಳೆಯುತ್ತಾಳೆ.

ಪ್ಯಾಂಟಿನ ಪ್ರಾಯಶ್ಚಿತ್ತಕ್ಕೆಂದು ಮುಂದಿನ ಭಾನುವಾರ ಗಾಣ ತಿರುಗಿಸಲು ನಾನೇ ಹೋದೆ. ಅರ್ಧ ಸುತ್ತಿಗೇ ಏದುಸಿರು ಬಂತು. ಉಳಿದದ್ದನ್ನು ದುರ್ಗಪ್ಪ ತಿರುಗಿಸಿದ. ಕಾಗದ ಎತ್ತಿದ ಮಂಗಲಾ ಹಾಗೇ ನಿಂತಳು.

"ಎಂತ ಮಾಡಿದ್ಯೆ?" ಎಂದ ದುರ್ಗಪ್ಪ. "ಅತ್ತೆ ಮೂಗುತಿ ಆಚೆ ಬದಿಗೆ ಹೋಯ್ತಲ್ಲ!"

ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಅದಕ್ಕಾಗಿ ಅವಳು ಯಾವಾಗಲೂ ಅಮ್ಮನ ಮುಖವನ್ನು ಕನ್ನಡಿಯಲ್ಲಿ ನೋಡಿಯೇ ಗೀರುತ್ತಿದ್ದಳು. ಈ ಸಲ ಅವಸರದಲ್ಲಿ ಎದುರಿಗೇ ಕೂರಿಸಿಕೊಂಡು, ಕಂಡ ಹಾಗೇ ಗೀರಿಬಿಟ್ಟಿದ್ದಳು. "ಹಾಳಾತು," ಎಂದು ಕಾಗದ ಮಡಚಲು ಹೊರಟಳು.

"ಕೊಡೆ ಇಲ್ಲಿ," ಎಂದಳು ಜಗಲಿಯ ಮೂಲೆಯಲ್ಲಿ ಕೂತಿದ್ದ ಹೊನ್ನಜ್ಜಿ.

ಅಜ್ಜಿ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕಿನತ್ತ ಓರೆ ಮಾಡಿ, ಉಳಿದಷ್ಟು ಕಣ್ಣಿನಿಂದ ಮೆಲ್ಲಗೆ ಸವರುವಂತೆ ನೋಡಿದಳು. ಕೈ ತನ್ನ ಮೂಗುತಿಗೆ ಹೋಯಿತು.

"ಹಾಂ, ಇದು ನಾನೇಯ," ಎಂದಳು. "ದಿನಾ ಬೆಳಿಗ್ಗೆ ಕುಂಕುಮ ಇಡುವಾಗ ಕನ್ನಡಿಯಲ್ಲಿ ಹಿಂಗೇ ಕಾಣ್ತಿದ್ದೆ. ನೀನು ಇಷ್ಟು ದಿನ ಯಾರ್ಯಾರದ್ದೋ ಬರೀತಿದ್ದೆ, ಮಗಾ."

ಮಂಗಲಾ ಶಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಳು. ದುರ್ಗಪ್ಪ ಗಾಣದ ಹಿಡಿಕೆ ಒರೆಸತೊಡಗಿದ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದು ನನಗೆ ಗೊತ್ತಿದೆ. ಆದರೂ ಕೇಳಿಬಿಟ್ಟೆ: "ಮೂಗುತಿ ಸರಿ ಬದಿಗೆ ಇಟ್ಟು ಇನ್ನೊಂದು ಮಾಡ್ತ್ಯಾ ಹೇಗೆ, ಮಂಗಲಾ?"

ಅವಳು ತಲೆ ಎತ್ತದೆ ಹೇಳಿದಳು: "ಮೂಗುತಿ ಹಾಕಿದವಳಿಗೇ ಅಡ್ಡಿಲ್ಲ. ನಿಮಗೆಂತ ತ್ರಾಸು?"