ತಳ್ಳಿದರೆ ಓಡುವ ಕಾರು

ಹೋದ ಬುಧವಾರ ಹಾಸನದಲ್ಲಿ ಹಾಡುಹಗಲೇ ನಾನು ನನ್ನ ಕಾರಿನ ಹಿಂದೆ ಓಡಿದೆ.

ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಅಕ್ಕನ ಎಕ್ಸ್‌ರೇ ಕವರು. ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದವಳು ನಮ್ಮಕ್ಕ. ಸ್ಟೇರಿಂಗ್ ಹಿಡಿದಿದ್ದವನು ಯಾರು? ನನಗೆ ಇವತ್ತಿಗೂ ಗೊತ್ತಿಲ್ಲ. ಟೀ ಅಂಗಡಿ ಮುಂದೆ ನಿಂತಿದ್ದ ಯಾರೋ ಒಬ್ಬ ಗಂಡಸು.

ನಗಬೇಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಮೊದಲಿಂದ ಹೇಳ್ತೀನಿ. ನಮ್ಮ ಮನೆಯಲ್ಲಿ ಒಂದು ಹಳೇ ಕಾಂಟೆಸ್ಸಾ ಕಾರಿದೆ. ಬಿಳೀದು. ಉದ್ದ ಮೂತಿ, ಅಗಲ ಬೆನ್ನು. ಹೊಳೆನರಸೀಪುರದ ನಮ್ಮ ದೇವಸ್ಥಾನದ ಬೀದಿಯಲ್ಲಿ ಅದು ತಿರುಗಬೇಕಾದರೆ ಎದುರುಮನೆ ರಂಗೋಲಿ ಅಳಿಸಲೇಬೇಕು. ಸಕಲೇಶಪುರದ ಕಾಫಿ ತೋಟದವರೊಬ್ಬರು ಮಾರಿದ್ದನ್ನ ನಮ್ಮ ಯಜಮಾನರು ಆಸೆಪಟ್ಟು ತಂದರು. ಅವರು ಕಾಲೇಜಿನಲ್ಲಿ ಲೆಕ್ಚರರ್. ನಾನು ಹೈಸ್ಕೂಲ್ ಟೀಚರ್. ಕಾಲೇಜೂ ಹತ್ತಿರ, ಸ್ಕೂಲೂ ಹತ್ತಿರ. ಹಾಗಾಗಿ ಆ ಕಾರು ವಾರಪೂರ್ತಿ ಮನೆ ಮುಂದೆ ಮಲಗಿರುತ್ತೆ.

ಅದರ ಸೆಲ್ಫ್ ಕೆಟ್ಟು ವರ್ಷದ ಮೇಲಾಯಿತು. ಸೆಲ್ಫ್ ಅಂದರೆ ಸ್ಟಾರ್ಟರ್ ಮೋಟಾರು. ಕೀ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸೋದೇ ಅದು. ನಮ್ಮ ಕಾರಿನಲ್ಲಿ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು ಬರುತ್ತೆ, ಆಮೇಲೆ ಮೌನ. ರಿಪೇರಿ ಮಾಡಿಸಿ ಅಂದಾಗಲೆಲ್ಲ ಇವರದ್ದು ಒಂದೇ ಉತ್ತರ: ಹಳೇ ಗಾಡಿ, ಸಾಮಾನು ಸಿಗಲ್ಲ, ತಳ್ಳಿದರೆ ಓಡುತ್ತಲ್ಲ, ಬಿಡು.

ತಳ್ಳೋದಕ್ಕೇನು ಬರ? ನಮ್ಮ ಬೀದಿ ಹೊಳೆ ಕಡೆಗೆ ಇಳಿಜಾರು. ಇವರು ಪಂಚೆ ಎತ್ತಿ ಕಟ್ಟಿ ಸೀಟಿನಲ್ಲಿ ಕೂತರೆ ಸಾಕು, ಅಕ್ಕಪಕ್ಕದವರೆಲ್ಲ ಓಡಿ ಬರುತ್ತಾರೆ. ಸಂಧ್ಯಾವಂದನೆ ಮಾಡುತ್ತಿದ್ದವರೂ ಎದ್ದು ಬರುತ್ತಾರೆ. (ನಾನೂ ತಳ್ಳಿದ್ದೀನಿ. ಮದುವೆಗೆ ಹೊರಟ ದಿನ, ರೇಷ್ಮೆ ಸೀರೆಯಲ್ಲಿ.)

ನನಗೂ ಡ್ರೈವಿಂಗ್ ಬರುತ್ತೆ. ಲೈಸೆನ್ಸ್ ಇದೆ. ಅದು ಬಂದ ದಿನ ಬೀದಿಗೆಲ್ಲ ಪೇಡ ಹಂಚಿದವರು ಇದೇ ನಮ್ಮ ಯಜಮಾನರು. ಆದರೆ ಒಂದು ವಿಷಯ ಯೋಚನೆ ಮಾಡಿ. ತಳ್ಳಿದರೆ ಮಾತ್ರ ಓಡುವ ಕಾರನ್ನು ಒಬ್ಬಳೇ ಹೆಂಗಸು ಎಲ್ಲಿಗೆ ತಗೊಂಡು ಹೋಗೋಕಾಗುತ್ತೆ? ನಿಲ್ಲಿಸಿದ ಕಡೆಯಲ್ಲೆಲ್ಲ ಬೀದಿ ಜನರನ್ನ ಕರೆಯಬೇಕು. ಇಲ್ಲದಿದ್ದರೆ ಗಂಡನ ಪಕ್ಕದ ಸೀಟಿನಲ್ಲಿ ಕೂತಿರಬೇಕು.

ಇಷ್ಟು ದಿನ ಕೂತಿದ್ದೆ. ಈಗ ಅಕ್ಕನ ಕಾಲು ಬಂತು.

ಅಕ್ಕ ಇರೋದು ಮಲ್ಲಿಪಟ್ಟಣದಲ್ಲಿ. ಭಾವ ಅಲ್ಲಿ ದೇವಸ್ಥಾನದ ಅರ್ಚಕರು. ಬೆಳಗಿನ ಪೂಜೆ, ಸಂಜೆ ಪೂಜೆ, ಊರು ಬಿಟ್ಟು ಕದಲೋ ಹಾಗಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಅಕ್ಕನ ಕಾಲು ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ಪ್ರತಿವಾರ ಹಾಸನಕ್ಕೆ ಬಂದು ಮಂಡಿಗೆ ವ್ಯಾಯಾಮ ಮಾಡಿಸಬೇಕು, ತಪ್ಪಿಸಿದರೆ ಮಂಡಿ ಹಾಗೇ ಬಿಗಿದು ನಿಲ್ಲುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮಂಡಿ ಮಡಚದಿದ್ದರೆ ಅಕ್ಕ ನೆಲದ ಮೇಲೆ ಕೂತು ದೇವರಿಗೆ ಹೂ ಕಟ್ಟೋದು ಹೇಗೆ? ಅವಳ ದಿನ ಶುರುವಾಗೋದೇ ಅದರಿಂದ.

ಬಸ್ಸಿನಲ್ಲಿ ಒಂದು ಸಲ ಕರಕೊಂಡು ಹೋದೆ. ಮೆಟ್ಟಿಲು ಹತ್ತೋವಾಗ ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ನಾನಿನ್ನು ಬರಲ್ಲ ಕಣೇ ಅಂದುಬಿಟ್ಟಳು. ಎರಡು ವಾರ ತಪ್ಪಿತು. ಭಾನುವಾರವಾದರೆ ನಾನೇ ಕರಕೊಂಡು ಹೋಗ್ತೀನಿ ಅಂತ ಇವರು. ಭಾನುವಾರ ಡಾಕ್ಟರು ಬರಲ್ಲ. ಮನೆ ಮುಂದೆ ಆನೆಯಂಥಾ ಕಾರಿದೆ!

ಬುಧವಾರ ರಜೆ ಹಾಕಿದೆ. ಕಾರು ತಗೊಂಡು ಹೋಗ್ತೀನಿ ಅಂದೆ. ಇವರು ಮುಖ ಸಣ್ಣದು ಮಾಡಿಕೊಂಡು ಸ್ಟಾರ್ಟ್ ಮಾಡಿಕೊಟ್ಟರು. ಎಲ್ಲೂ ಆಫ್ ಮಾಡಬೇಡ ಅಂತ ಮೂರು ಸಲ ಹೇಳಿದರು.

ನಾನು ಆಫ್ ಮಾಡಲಿಲ್ಲ ಸ್ವಾಮಿ. ಮಲ್ಲಿಪಟ್ಟಣದಲ್ಲಿ ಎಂಜಿನ್ ಓಡುತ್ತಿದ್ದ ಹಾಗೇ ಅಕ್ಕನ್ನ ಕೂರಿಸಿಕೊಂಡೆ. ಹಾಸನದ ನರ್ಸಿಂಗ್ ಹೋಮ್ ಮುಂದೆಯೂ ಓಡೋ ಹಾಗೇ ಬಿಟ್ಟು, ಸ್ವಲ್ಪ ನೋಡ್ಕೊಳ್ಳಪ್ಪಾ ಅಂತ ವಾಚ್‌ಮನ್‌ಗೆ ಹೇಳಿ ಒಳಗೆ ಹೋದೆ. ಡಾಕ್ಟರು ಮಂಡಿ ಹಿಡಿದು ನೋಡಿದರು. ಎರಡು ವಾರ ಯಾಕೆ ಬರಲಿಲ್ಲ ಅಂತ ನನ್ನ ಮುಖ ನೋಡಿ ಗದರಿದರು. ಮಂಡಿ ಆಗಲೇ ಬಿಗಿದಿದೆಯಂತೆ. ಏನಂತ ಹೇಳಲಿ? ಕಾರಿಗೆ ಸೆಲ್ಫ್ ಇಲ್ಲ ಅಂತಲೇ?

ಹೊರಗೆ ಬಂದರೆ ಕಾರು ತಣ್ಣಗೆ ನಿಂತಿತ್ತು. ಪೆಟ್ರೋಲ್ ದಂಡ ಆಗ್ತಿತ್ತು ಮೇಡಂ, ನಾನೇ ಆಫ್ ಮಾಡ್ದೆ ಅಂದ ವಾಚ್‌ಮನ್. ಮುಖದಲ್ಲಿ ಉಪಕಾರ ಮಾಡಿದ ಸಂತೋಷ. ಏನಂತ ಬಯ್ಯಲಿ ಅವನನ್ನ?

ಟೀ ಅಂಗಡಿ ಮುಂದಿದ್ದವರನ್ನ ಕರೆದೆ. ಬಂದರು. ನಮ್ಮ ಸೀಮೆಯಲ್ಲಿ ತಳ್ಳೋ ಜನಕ್ಕೆ ಯಾವತ್ತೂ ಕೊರತೆ ಇಲ್ಲ. ಅಕ್ಕನ್ನ ಹಿಂದೆ ಕೂರಿಸಿ ನಾನು ಸ್ಟೇರಿಂಗ್ ಕಡೆ ಹೊರಟೆ. ಅವರಲ್ಲೊಬ್ಬ ಅಡ್ಡ ಬಂದ.

"ನೀವ್ ಸೈಡ್ಗೆ ಬನ್ನಿ ಮೇಡಂ. ಎಂಗಸ್ರಿಗೆ ಕ್ಲಚ್ ಬುಡದು ಗೊತ್ತಾಗಕಿಲ್ಲ."

ನನಗೆ ಬರುತ್ತೆ ಕಣಪ್ಪಾ ಅಂತ ಬಾಯಿ ತೆರೆಯೋದರೊಳಗೆ ಅವನು ನನ್ನ ಸೀಟಿನಲ್ಲಿ ಕೂತಾಗಿತ್ತು. ಉಳಿದವರು ತಳ್ಳಿದರು. ಕಾರು ಕೆಮ್ಮಿತು, ಎದ್ದಿತು, ಹೊರಟಿತು. ಹೊರಟಿದ್ದು ನಿಲ್ಲಲಿಲ್ಲ! ಅಕ್ಕನ ತಲೆ ಹಿಂದಿನ ಗಾಜಿನಲ್ಲಿ ಸಣ್ಣದಾಗ್ತಾ ಹೋಯಿತು. ನಾನು ಓಡಿದೆ. ಸ್ಕೂಲಿನಲ್ಲಿ ಮಕ್ಕಳಿಗೆ ಓಡಬೇಡಿ ಅನ್ನೋ ಟೀಚರ್, ಆಟೋದವರೆಲ್ಲ ನೋಡ್ತಾ ಇದ್ದ ಹಾಗೆ ಓಡಿದೆ. ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು.

ಆ ಪುಣ್ಯಾತ್ಮ ಒಂದು ಸುತ್ತು ಹಾಕಿಕೊಂಡು ವಾಪಸ್ ಬಂದ. ಬ್ಯಾಟರಿ ಚಾರ್ಜ್ ಆಗಲಿ ಅಂತ ಒಂದು ರೌಂಡ್ ಹೊಡೆದನಂತೆ. ಅಕ್ಕ ಆರಾಮಾಗಿ ಕೂತಿದ್ದಾಳೆ. ಚೆನ್ನಾಗಿ ಓಡಿಸ್ತಾನೆ ಕಣೇ, ನಿನ್ನ ಹಾಗೆ ಎತ್ತಿ ಹಾಕಲ್ಲ ಅಂದಳು. ಒಡಹುಟ್ಟಿದವಳು ನೋಡಿ!

ನೆಟ್ಟಗೆ ನಂಜಪ್ಪನ ಗ್ಯಾರೇಜಿಗೆ ಬಿಟ್ಟೆ. ಈ ಕಾರಿನ ವೈರಿಂಗ್ ಕೆಲಸವೆಲ್ಲ ಹಾಸನದ ಈ ನಂಜಪ್ಪನದೇ. ಎಂಜಿನ್ ಓಡ್ತಾ ಇದ್ದ ಹಾಗೇ ಹೇಳಿದೆ: ಎಲ್ಲಿಂದಾದರೂ ತರಿಸು, ಹೊಸ ಸೆಲ್ಫ್ ಹಾಕು. ಅವನು ಕೈ ಒರೆಸಿಕೊಂಡ, ತಲೆ ಕೆರೆದುಕೊಂಡ. ಸಾರ್‌ನ ಒಂದು ಮಾತು ಕೇಳಿಬಿಟ್ಟು ಬನ್ನಿ ಅಂದ. ಯಾಕೆ? ಕಾರು ಓಡಿಸೋಳು ನಾನು, ಹಾಕು ಅನ್ನುತ್ತಿರೋಳೂ ನಾನು. ಆದರೂ ಸಾರ್‌ನ ಕೇಳಬೇಕು. ನಾನು ಜಗ್ಗಲಿಲ್ಲ. ಕೊನೆಗೆ ಅವನು ನೆಲ ನೋಡಿಕೊಂಡು ಬಾಯಿಬಿಟ್ಟ.

"ಹೊಸಾದು ಯಾಕ್ ಮೇಡಮ್ನೋರೆ? ಓದ್ವರ್ಸನೇ ಬೆಂಗ್ಳೂರಿಂದ ತರ್ಸಿ ಸಾರ್ ಕೈಗೆ ಕೊಟ್ಟಿವ್ನಿ. ಆಕ್ಕೊಡ್ತೀನಿ ಅಂದ್ರೆ ಬ್ಯಾಡ ಅಂದ್ರು. ಮನೇಲೇ ಇರ್ಬೇಕು ನೋಡಿ."

ಅಕ್ಕನ್ನ ಮಲ್ಲಿಪಟ್ಟಣಕ್ಕೆ ಬಿಟ್ಟು ಮನೆಗೆ ಬರೋವರೆಗೂ ನಾನು ಹಲ್ಲು ಕಚ್ಚಿಕೊಂಡೇ ಬಂದೆ. ಬಂದವಳೇ ಅಟ್ಟ ಹತ್ತಿದೆ. ಗೀಸರ್ ಬಂದ ಮೇಲೆ ನೀರೊಲೆ ಹಂಡೆ ಅಟ್ಟ ಸೇರಿತ್ತಲ್ಲ, ಅದರೊಳಗೆ ಇವರ ಹಳೇ ಪಂಚೆಯಲ್ಲಿ ಸುತ್ತಿಟ್ಟ ಕಬ್ಬಿಣದ ಗಂಟು. ಹೊಚ್ಚ ಹೊಸ ಸ್ಟಾರ್ಟರ್ ಮೋಟಾರು. ಕೂಸಿನಷ್ಟು ಭಾರ. ದಸರಾ ಗೊಂಬೆ ಇಳಿಸಿಕೊಡಿ ಅಂದರೆ ಸೊಂಟ ನೋವು ಅನ್ನೋ ಮನುಷ್ಯ ಅದನ್ನ ಹೊತ್ತುಕೊಂಡು ಅಟ್ಟ ಹತ್ತಿದ್ದಾರೆ!

ಇವರು ಕಾಫಿ ಕುಡೀತಾ ಕೂತಿದ್ದರು. ಲೋಟದ ಪಕ್ಕದಲ್ಲೇ ತಂದು ಕುಕ್ಕಿದೆ.

ಹಾಕಿಸಬೇಕು ಅಂತಿದ್ದೆ ಅಂದರು ಮೊದಲು. ಆಮೇಲೆ ನಿಜ ಬಂತು. ಚನ್ನರಾಯಪಟ್ಟಣದ ಚಿಕ್ಕಪ್ಪನ ಮಗ ಮದುವೆಗೆ ಅಂತ ಕಾರು ತಗೊಂಡು ಹೋಗಿ, ಬಾಗಿಲು ಗೀಚಿ, ಸೀಟಿಗೆಲ್ಲ ಕುಂಕುಮ ಮೆತ್ತಿ ತಂದುಕೊಟ್ಟಿದ್ದನಲ್ಲ? ಅದಾದ ಸ್ವಲ್ಪ ದಿನಕ್ಕೇ ಸೆಲ್ಫ್ ಕೆಟ್ಟಿತಂತೆ. ತಕ್ಷಣ ಹೊಸದಕ್ಕೆ ಹೇಳಿದರಂತೆ. ಅದು ಬರೋದರೊಳಗೆ ಇವರಿಗೊಂದು ಜ್ಞಾನೋದಯ: ಸೆಲ್ಫ್ ಇಲ್ಲದ ಕಾರನ್ನ ಯಾವ ನೆಂಟನೂ ಕೇಳಲ್ಲ. ಮದುಮಗನ್ನ ಕೂರಿಸಿಕೊಂಡು ತಳ್ಳೋರು ಯಾರು?

"ನೆಂಟರಿಗೆ ಬಾಯಿಬಿಟ್ಟು ಇಲ್ಲ ಅನ್ನೋದು ಹೇಗೇ?" ಅಂದರು.

"ಸರಿ ಕಣ್ರೀ. ನಾನು ಯಾವೂರ ನೆಂಟಳು?"

ಲೋಟ ಕೆಳಗಿಟ್ಟರು. ನೀನು ಒಬ್ಬಳೇ ಅಷ್ಟು ದೊಡ್ಡ ಗಾಡಿ ತಗೊಂಡು ಹೋದರೆ ನನಗೆ ಭಯ ಕಣೇ ಅಂದರು. ನಿಜವೇ ಇರಬಹುದು. ಅದಕ್ಕೇ ನನಗೆ ಇನ್ನೂ ಉರಿಯಿತು. ಭಯ ಇವರದು, ಬಸ್ಸು ಹತ್ತೋಳು ನಮ್ಮಕ್ಕ. ಇದ್ಯಾವ ನ್ಯಾಯ? ಭಯ ಅಂತ ಅವತ್ತೇ ಹೇಳಿದ್ದರೆ ಜಗಳ ಆಡ್ತಿದ್ದೆ, ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸ್ತಿದ್ದೆ. ಹೇಳಲಿಲ್ಲ. ಪೇಡ ಹಂಚಿದರು!

ಇವರೊಬ್ಬರೇ ಅಂದುಕೊಂಡಿರಾ? ಇದು ನಮ್ಮ ಕಡೆಯ ಕುಲಕಸುಬು. ಬೇಡ ಅಂತ ಯಾರೂ ಅನ್ನಲ್ಲ. ಕೆಟ್ಟಿದೆ ಅಂತಾರೆ. ಪಕ್ಕದ ಮನೆಯವರು ಕೇಳಿದರೆ ಮಿಕ್ಸಿ ಕೆಟ್ಟಿದೆ. ಹುಡುಗರು ಆಡಬಾರದು ಅಂದರೆ ಸ್ಕೂಲಿನ ವಾಲಿಬಾಲ್ ಪಂಕ್ಚರ್. ಹುಡುಗಿ ಒಬ್ಬಳೇ ಟ್ಯೂಷನ್‌ಗೆ ಹೋಗಬಾರದು ಅಂದರೆ ಸೈಕಲ್ಲಿನ ಟ್ಯೂಬ್ ಹೋಗಿದೆ, ನಾಳೆ ಹಾಕಿಸೋಣ ಪುಟ್ಟಿ. ಆ ನಾಳೆ ಬರುತ್ತಾ? ಬೇಡ ಅಂದರೆ ಯಾಕೆ ಅಂತ ಕೇಳಬಹುದು. ಕೆಟ್ಟಿದೆ ಅಂದರೆ ಕೇಳೋ ಹಾಗೇ ಇಲ್ಲ. ಯಾರ ತಪ್ಪೂ ಅಲ್ಲ, ಎಲ್ಲರೂ ಒಳ್ಳೆಯವರೇ. ಬೀದಿಯವರೆಲ್ಲ ನಗನಗ್ತಾ ತಳ್ಳಿಕೊಡ್ತಾರೆ ಬೇರೆ.

ಗುರುವಾರವೂ ರಜೆ ಹಾಕಿ ಬೆಳಿಗ್ಗೆ ನಾನು ಸ್ಟೇರಿಂಗ್ ಹಿಂದೆ ಕೂತೆ. ತಳ್ಳಿ ಅಂದೆ. ಇವರು ಆ ಕಡೆ ಈ ಕಡೆ ನೋಡಿದರು. ಬೀದಿಯೆಲ್ಲ ಜಗಲಿಗೆ ಬಂದಿತ್ತು. ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಒಂದೇ ಏಟಿಗೆ ಎದ್ದಿತು. (ಹಾಸನದ ಆ ಮಹಾನುಭಾವ ನೋಡಬೇಕಿತ್ತು.) ಒಬ್ಬಳೇ ನಂಜಪ್ಪನ ಹತ್ತಿರ ಹೋದೆ. ಹಳೇದು ಬಿಚ್ಚಿಸಿದೆ, ಹೊಸದು ಹಾಕಿಸಿದೆ. ಈ ಸಲ ಸಾರ್‌ನ ಕೇಳಿ ಅಂತ ಅವನು ಅನ್ನಲಿಲ್ಲ. ನನ್ನ ಮುಖ ಹಾಗಿತ್ತು ಅನ್ನಿಸುತ್ತೆ. ಕೀ ತಿರುಗಿಸಿದರೆ ಗುರ್ರ್ ಅಂತ ಎದ್ದುಬಿಟ್ಟಿತು. ಆಫ್ ಮಾಡಿದೆ, ಮತ್ತೆ ಸ್ಟಾರ್ಟ್ ಮಾಡಿದೆ. ಸುಮ್ಮನೆ, ಖುಷಿಗೆ.

ಶನಿವಾರ ಅರಕಲಗೂಡಿನಿಂದ ಇವರ ಸೋದರತ್ತೆ ಮಗನ ಫೋನು. ಸೆಲ್ಫ್ ಸರಿಹೋಯಿತಂತೆ, ನಾಮಕರಣ ಇದೆ, ಕಾರು ಬೇಕು. (ನಮ್ಮೂರ ಸುದ್ದಿ ನನ್ನ ಕಾರಿಗಿಂತ ಜೋರಾಗಿ ಓಡುತ್ತೆ.) ಇವರು ರಿಸೀವರ್‌ಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. ಏನಂತ ಹೇಳಲೇ ಅಂತ ಪಿಸುಗುಟ್ಟಿದರು.

ಫೋನು ಇಸಕೊಂಡೆ. ಇಲ್ಲಪ್ಪಾ, ಕೊಡೋಕಾಗಲ್ಲ ಅಂದೆ. ಅವನು ಹೌದಾ, ಸರಿ ಬಿಡಿ ಅತ್ತಿಗೆ, ಊಟಕ್ಕಾದರೂ ತಪ್ಪದೆ ಬನ್ನಿ ಅಂದ. ಫೋನಿಟ್ಟ.

ಅಲ್ಲರೀ, ಈ ಒಂದು ಮಾತು ನಿಮ್ಮ ಬಾಯಲ್ಲಿ ಬರಲಿಲ್ಲ ಅಂತ ನಮ್ಮಕ್ಕನ ಮಂಡಿ ಬಿಗೀಬೇಕಿತ್ತಾ?